ನಾನು ಮಾಡದ ಕರೆ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆದ್ದರಿಂದ ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗವನ್ನು ವರ್ಷಗಟ್ಟಲೆ ನಡೆಸಿದವಳು ನಾನು. "ಮೇಡಂ, ತಾನಾಗಿಯೇ ಬಂದ್ ಆಯ್ತು" ಎಂದು ದಿನಕ್ಕೊಬ್ಬರಾದರೂ ಫೋನ್ ಮಾಡುತ್ತಿದ್ದರು. ತಾನಾಗಿಯೇ ಏನೂ ಆಗುವುದಿಲ್ಲ, ಯಾರೋ ಏನೋ ಮಾಡಿರುತ್ತಾರೆ, ಹುಡುಕಿದರೆ ಸಿಗುತ್ತದೆ ಎನ್ನುವುದು ನನ್ನ ಕಸುಬು ನನಗೆ ಕಲಿಸಿದ ಪಾಠ. ಮನೆಯಲ್ಲಿ ಯಾರಾದರೂ ದೆವ್ವ, ಶಕುನ ಎಂದು ಮಾತು ತೆಗೆದರೆ ಎದ್ದು ಚಹಾ ಮಾಡಲು ಹೋಗುತ್ತಿದ್ದೆ.

ನಮ್ಮದು ಪುಣೆ ಹತ್ತಿರದ ರಾಂಜಣಗಾಂವದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆ. ನನ್ನ ಕೈಕೆಳಗೆ ಇದ್ದವರು ಮೂರೇ ಜನ. ದೊಡ್ಡ ಕೆಲಸವೆಲ್ಲ ಹೊರಗಿನವರದು. ಸರ್ವರ್‌ಗಳನ್ನು ನೋಡಿಕೊಳ್ಳುವ ಒಪ್ಪಂದ ಮಲ್ಲಣ್ಣ ಎಂಬವರ ಸಣ್ಣ ಕಂಪನಿಗಿತ್ತು. ದೂರು ಹೋದ ನಾಲ್ಕು ಗಂಟೆಯೊಳಗೆ ಅವರ ಕಡೆಯವರು ಬಂದು ನಿಲ್ಲಬೇಕು, ಇಲ್ಲವಾದರೆ ಒಪ್ಪಂದ ಮುರಿದಂತೆ. ಮಲ್ಲಣ್ಣ ಕಲಬುರಗಿ ಕಡೆಯವರು. ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದಾಗ ಇವರು ಕೈಗೂಸು. ಕೊಂಢವಾದಲ್ಲಿ ಮರಳು, ಕಬ್ಬಿಣದ ನಡುವೆ ಬೆಳೆದು, ಅದೇ ಕೊಂಢವಾದಲ್ಲಿ ತಮ್ಮದೊಂದು ಅಂಗಡಿ ತೆರೆದಿದ್ದರು. ನನ್ನ ತಂದೆ ಬಾಗಲಕೋಟೆಯಿಂದ ಗುಮಾಸ್ತರಾಗಿ ಬಂದವರು. ಹೀಗಾಗಿ ಆಫೀಸಿನಲ್ಲಿ ಎಲ್ಲರ ಜೊತೆ ಮರಾಠಿ ಮಾತಾಡಿ ಮಾತಾಡಿ ದಣಿದ ನನಗೆ, ಮಲ್ಲಣ್ಣ ಬಂದು "ಏನಂತದರಿ ಅಕ್ಕಾರ ನಿಮ್ಮ ಸರ್ವರ್?" ಎಂದರೆ ಮನೆಯವರು ಬಂದಂತೆ ಆಗುತ್ತಿತ್ತು.

ಆ ವರ್ಷ ಮುಂಬಯಿಯ ಮುಖ್ಯ ಕಚೇರಿಯವರು ಎಲ್ಲ ಕೆಲಸವನ್ನೂ ಒಂದೇ ದೊಡ್ಡ ಕಂಪನಿಗೆ ವಹಿಸಬೇಕೆಂದು ತೀರ್ಮಾನಿಸಿದ್ದರು. ಸಣ್ಣವರನ್ನೆಲ್ಲ ಒಬ್ಬೊಬ್ಬರಾಗಿ ಕಳಿಸಿಯೂ ಆಗಿತ್ತು. ಮಲ್ಲಣ್ಣನ ಒಪ್ಪಂದಕ್ಕೆ ಇನ್ನೂ ಅವಧಿ ಇತ್ತು, ಅವರ ಕೆಲಸದಲ್ಲಿ ಎತ್ತಿ ತೋರಿಸಲು ಒಂದು ಕೊರತೆಯೂ ಸಿಕ್ಕಿರಲಿಲ್ಲ. ಹೀಗಾಗಿ ಒಂದು ತಪ್ಪಿಗಾಗಿ ಎಲ್ಲರೂ ಕಾಯುತ್ತಿದ್ದರು. ಇದು ಅವರಿಗೂ ಗೊತ್ತು, ನನಗೂ ಗೊತ್ತು. "ಇದ ಒಂದ ದೊಡ್ಡ ಕೆಲಸ ನೋಡ್ರಿ ನಮಗ. ಇದು ಹೋದ್ರ ಉಳಿದವ್ರೂ ಬಿಡ್ತಾರ" ಎಂದು ಅವರೊಮ್ಮೆ ಹೇಳಿದ್ದರು.

ಅದೊಂದು ಶನಿವಾರ. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಮಾಲು ಸಾಗಿಸುವ ಚೀಟಿ ಮುದ್ರಿಸುವ ಸರ್ವರ್ ಕೆಟ್ಟು ನಿಂತಿತು. ಆ ಚೀಟಿ ಇಲ್ಲದೆ ಗೇಟಿನಿಂದ ಒಂದು ಲಾರಿಯೂ ಹೊರಡುವಂತಿಲ್ಲ. ನಾನು ಮಲ್ಲಣ್ಣನಿಗೆ ಫೋನ್ ಮಾಡಿದೆ. ಅವರು ಸಾಸವಡದಲ್ಲಿ ಬೇರೆ ಕೆಲಸದಲ್ಲಿದ್ದರು. "ಹೊಂಟೆನ್ರಿ ಅಕ್ಕಾರ, ಗಾಡಿ ತಗದೆ" ಎಂದರು. ಅವರ ಬೈಕು ಶುರುವಾದ ಸದ್ದು ನನಗೆ ಫೋನಿನಲ್ಲೇ ಕೇಳಿಸಿತು.

ಅವರು ಬರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗೇಟಿನಲ್ಲಿ ಲಾರಿಗಳ ಸಾಲು ರಸ್ತೆಯವರೆಗೆ ಬಂದಿತ್ತು. ನಾನು ಮತ್ತೆ ಮತ್ತೆ ಫೋನ್ ಮಾಡಿದೆ. ರಿಂಗ್ ಆಗುತ್ತಿತ್ತು, ಎತ್ತುತ್ತಿರಲಿಲ್ಲ. ದಾರಿಯಲ್ಲಿ ಏನಾದರೂ ಅಪಘಾತವಾಯಿತೇನೋ ಎನಿಸತೊಡಗಿತು. ಈ ನಡುವೆ ಕಾರ್ಖಾನೆಯ ಮುಖ್ಯಸ್ಥರು ನನ್ನನ್ನು ತಮ್ಮ ಕೋಣೆಗೆ ಕರೆಸಿ, ಎಲ್ಲ ವಿಭಾಗದವರ ಎದುರಿನಲ್ಲಿ ಬಹಳ ಹೊತ್ತು ನಿಲ್ಲಿಸಿ ಪ್ರಶ್ನೆ ಕೇಳಿದರು. ನನ್ನ ಫೋನ್ ಅವರ ಮೇಜಿನ ಮೇಲೆಯೇ ಇತ್ತು, ಎಲ್ಲರಿಗೂ ಕಾಣುವಂತೆ. ಕೊನೆಗೆ ಆ ದೊಡ್ಡ ಕಂಪನಿಯ ಜನರೇ ಬಂದು ಸರ್ವರ್ ಸರಿಮಾಡಿದರು. ಅಷ್ಟರೊಳಗೆ ನಮ್ಮ ಮಾಲಿಗಾಗಿ ಕಾಯುತ್ತಿದ್ದ ಗಿರಾಕಿಯ ಕಾರ್ಖಾನೆಯಲ್ಲಿ ಕೆಲಸ ನಿಂತುಹೋಗಿತ್ತು.

ಮರುದಿನ ಬೆಳಿಗ್ಗೆ ಮಲ್ಲಣ್ಣನೇ ಫೋನ್ ಮಾಡಿದರು. ಏನೂ ಆಗದವರಂತೆ ಕೇಳಿದರು: "ಸರ್ವರ್ ಆರಾಮದ ಏನ್ರಿ ಈಗ?"

ನನಗೆ ಸಿಟ್ಟು ನೆತ್ತಿಗೇರಿತು. "ಯಾಕ ಬರಲಿಲ್ಲ ಮಲ್ಲಣ್ಣ? ಎಷ್ಟ ಸಲ ಫೋನ್ ಮಾಡ್ಲಿ ನಿಮಗ?"

ಅವರು ಮೆಲ್ಲಗೆ ಹೇಳಿದರು. "ನೀವ ಬರಬ್ಯಾಡಂದ್ರೆಲ್ಲರಿ ಅಕ್ಕಾರ."

ಆ ವಾರವೇ ವಿಚಾರಣೆ ನಡೆಯಿತು. ಕಾರ್ಖಾನೆಯ ಮುಖ್ಯಸ್ಥರು, ನಾನು, ಮಲ್ಲಣ್ಣ ಒಂದು ಮೇಜಿನ ಸುತ್ತ. ಗೋಡೆಯ ಪರದೆಯ ಮೇಲೆ ಮುಂಬಯಿಯ ಕಾನೂನು ಅಧಿಕಾರಿ. ಮಲ್ಲಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಗಿರಾಕಿಗಳ ಜೊತೆ ಆಮೇಲೆ ತಕರಾರು ಬೇಡವೆಂದು ಅವರ ಫೋನಿನಲ್ಲಿ ಎಲ್ಲ ಕರೆಗಳೂ ತಾವಾಗಿ ರೆಕಾರ್ಡ್ ಆಗುತ್ತಿದ್ದವು. ಅವರು ಫೋನನ್ನು ಮೇಜಿನ ಮೇಲಿಟ್ಟು ಶನಿವಾರದ ಆ ಕರೆಯನ್ನು ಕೇಳಿಸಿದರು. ಬಂದ ಕರೆಗಳ ಪಟ್ಟಿಯಲ್ಲಿ ನನ್ನ ಹೆಸರು, ನನ್ನ ನಂಬರು ಇತ್ತು. ನಾನು ಮುಖ್ಯಸ್ಥರ ಎದುರು ನಿಂತಿದ್ದ ಹೊತ್ತಿನದೇ ಕರೆ ಅದು. ಅವರು ಹೊರಟ ಮೇಲೆ ನಾನು ಮತ್ತೆ ಮತ್ತೆ ಮಾಡಿದ ಕರೆಗಳು ಯಾವುವೂ ಅಲ್ಲಿರಲಿಲ್ಲ.

"ಮಲ್ಲಣ್ಣ, ಬರಬ್ಯಾಡ್ರಿ ಇನ್ನ. ಎಲ್ಲಾ ಚಾಲೂ ಆಗೇದ."

"ಖರೇನ ಏನ್ರಿ? ನಾ ಶಿಕ್ರಾಪುರ ದಾಟೀನ್ರಿ ಅಕ್ಕಾರ, ಇನ್ನೇನ ಬಂದೆ."

"ಖರೇನರಿ. ಹೊಳ್ಳಿ ಹೋಗ್ರಿ. ಮನಿಗೆ ಹೋಗಿ ಆರಾಮ ಊಟ ಮಾಡ್ರಿ."

ನನ್ನ ದನಿಯನ್ನು ನಾನು ಎಷ್ಟೋ ಸಲ ರೆಕಾರ್ಡಿನಲ್ಲಿ ಕೇಳಿದ್ದೇನೆ. 'ಆರಾಮ' ಎನ್ನುವಾಗ ಕೊಂಚ ಎಳೆಯುವುದು, ಮಾತು ಮುಗಿಸುವಾಗ ಮೂಗಿನಲ್ಲಿ ಸಣ್ಣದಾಗಿ ಉಸಿರು ಬಿಡುವುದು, ಎಲ್ಲವೂ ನನ್ನದೇ. ಆದರೆ ಆಫೀಸಿನ ಸದ್ದು ಒಂದಿಷ್ಟೂ ಇರಲಿಲ್ಲ. ಹಿಂದೆಲ್ಲೋ ಕುಕ್ಕರ್ ಸೀಟಿ ಹೊಡೆಯಿತು. ಆಮೇಲೆ, ಫೋನನ್ನು ಕಿವಿಯಿಂದ ದೂರ ಹಿಡಿದಂತೆ, ಅದೇ ದನಿ ಬೇರೆ ಯಾರಿಗೋ ಹೇಳಿತು: "ತಡಿ ಕಡ್ಲಿ, ಬಂದೆ, ಬಂದೆ." ಕರೆ ಮುಗಿಯಿತು.

ಇದನ್ನು ನಿಮಗೆ ಹೇಳಲೇಬೇಕು. ವರ್ಷಗಳ ಹಿಂದೆ ನಾನು ಬಸುರಿಯಾಗಿದ್ದೆ. ಮೊದಲ ತಪಾಸಣೆಯಲ್ಲಿ ಡಾಕ್ಟರು, ಮಗು ಈಗ ಒಂದು ಕಡಲೆಕಾಳಿನಷ್ಟಿದೆ ಎಂದರು. ಅಂದಿನಿಂದ ನಾನು ಅದಕ್ಕೆ ಮನಸ್ಸಿನಲ್ಲೇ ಕಡ್ಲಿ ಎಂದು ಹೆಸರಿಟ್ಟುಕೊಂಡೆ. ಬಸ್ಸಿನಲ್ಲಿ ಹೋಗುವಾಗ, ಅಡುಗೆ ಮಾಡುವಾಗ ಅದರ ಜೊತೆ ಒಳಗೊಳಗೇ ಮಾತಾಡುತ್ತಿದ್ದೆ. ಗಂಡನ ಎದುರು ಕೂಡ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ, ದೃಷ್ಟಿಯಾದೀತೆಂದು ಅಲ್ಲ, ಸುಮ್ಮನೆ ನಾಚಿಕೆಯಾಗಿ. ಕೆಲವೇ ವಾರಗಳಲ್ಲಿ ಅದು ಹೋಯಿತು. ಮತ್ತೆ ಮಕ್ಕಳಾಗಲಿಲ್ಲ. ಆ ಹೆಸರು ಹೊರಗಿನ ಗಾಳಿಯನ್ನೇ ಕಂಡಿರಲಿಲ್ಲ. ಅಂದು ಆ ಕೋಣೆಯಲ್ಲಿ ಅದನ್ನು ನಾನು ಮೊದಲ ಬಾರಿಗೆ ಕಿವಿಯಾರೆ ಕೇಳಿದೆ.

ಕೋಣೆಯಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಮಲ್ಲಣ್ಣನೇ ಉಳಿದವರಿಗೆ ಅರ್ಥ ಹೇಳಿದರು. ಕೊನೆಯ ಮಾತಿಗೆ, "ಅದೇನೋ ಅಡಿಗೆ ಮನೆಯಲ್ಲಿ ಕಡಲೆ ಬೇಯಿಸುವ ವಿಷಯ" ಎಂದರು. ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಆವಾಜ್ ತುಮಚಾಚ್ ಆಹೆ ನಾ?" ದನಿ ನಿಮ್ಮದೇ ತಾನೇ ಎಂದು.

ಏನು ಹೇಳಲಿ? ಆ ದನಿ ನನ್ನದಲ್ಲ ಎಂದರೆ ಸುಳ್ಳಾಗುತ್ತಿತ್ತು. ನಾನೇ ಕರೆ ಮಾಡಿದೆ ಎಂದರೂ ಸುಳ್ಳೇ. ಇದ್ದದ್ದನ್ನು ಇದ್ದಂತೆ ಹೇಳಿದೆ. "ಹೌದು, ದನಿ ನನ್ನದೇ. ಆದರೆ ನಾನು ಆ ಕರೆ ಮಾಡಿಲ್ಲ. ಮಲ್ಲಣ್ಣ ಮೋಸ ಮಾಡುವವರೂ ಅಲ್ಲ."

ನನ್ನ ಈ ಮಾತೇ ಅವರ ಕುತ್ತಿಗೆಗೆ ಬಂತು. ಪರದೆಯ ಮೇಲಿನ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, ಬಹಳ ಸಮಾಧಾನದಿಂದ ವಿವರಿಸಿದರು. ಈಗ ಯಾರ ದನಿಯನ್ನಾದರೂ ಕಂಪ್ಯೂಟರಿನಲ್ಲಿ ತಯಾರಿಸಬಹುದು. ಮಲ್ಲಣ್ಣನವರ ಬಳಿ ಮೇಡಂ ಅವರ ಹಳೆಯ ಕರೆಗಳ ರೆಕಾರ್ಡುಗಳಿವೆ, ಕೆಲಸವೂ ಗೊತ್ತಿದೆ. ದನಿ ಮೇಡಂ ಅವರದೇ, ಆದರೆ ಅವರು ಮಾತಾಡಿಲ್ಲ, ಅದಕ್ಕೆ ಸಾಕ್ಷಿಗಳಿದ್ದಾರೆ ಎಂದ ಮೇಲೆ ಉಳಿಯುವುದು ಒಂದೇ ಅರ್ಥ. ನಾನು ಎದ್ದುನಿಂತು ವಾದಿಸಿದೆ. ವಾದಿಸುತ್ತಿರುವಾಗಲೇ ನನಗೆ ಗೊತ್ತಿತ್ತು, ಆ ಅಧಿಕಾರಿಯ ಜಾಗದಲ್ಲಿದ್ದಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಕಡ್ಲಿಯ ವಿಷಯ ಗಂಟಲವರೆಗೆ ಬಂದಿತ್ತು. ಆದರೆ ಅದಕ್ಕೆ ನನ್ನನ್ನು ಬಿಟ್ಟರೆ ಸಾಕ್ಷಿ ಯಾರು?

ಮಲ್ಲಣ್ಣ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಎಲ್ಲರಿಗೂ ಕೈಮುಗಿದು ಹೊರಗೆ ಹೋದರು.

ಒಪ್ಪಂದ ರದ್ದಾಯಿತು. ನಕಲಿ ದನಿ ತಯಾರಿಸಿದವನು ಎಂಬ ಮಾತು ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಹೋಗಲು ಹೊತ್ತು ಹಿಡಿಯಲಿಲ್ಲ. ಅವರ ಉಳಿದ ಗಿರಾಕಿಗಳೂ ಒಬ್ಬೊಬ್ಬರಾಗಿ ಬಿಟ್ಟರು. ದೊಡ್ಡ ಕಂಪನಿ ನಮ್ಮಲ್ಲಿ ಎಲ್ಲವನ್ನೂ ವಹಿಸಿಕೊಂಡಿತು. ವಿಭಾಗವೇ ಬೇಕಿಲ್ಲವೆಂದ ಮೇಲೆ ಅದರ ಮುಖ್ಯಸ್ಥೆ ಯಾಕೆ? ನನ್ನನ್ನೂ ನನ್ನ ಮೂವರನ್ನೂ ಒಂದೇ ಮಧ್ಯಾಹ್ನ ಮನೆಗೆ ಕಳಿಸಿದರು. ಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದೆ, ಹೆಸರನ್ನೂ ಹೇಳಿದೆ. ಅವನು "ಯಾವಾಗರ ನಿದ್ದಿಗಣ್ಣಾಗ ಆ ಹೆಸರ ಫೋನಿನ ಹತ್ರ ಅಂದಿರಬೇಕ ನೀನು, ಅದನ್ನ ಯಾರೋ ಅದ್ರಾಗ ಸೇರಿಸ್ಯಾರ" ಎಂದ. ಅವನು ನನಗಿಂತ ಒಳ್ಳೆಯ ವಿವರಣೆ ಕೊಟ್ಟ. ಆದರೂ ಅದನ್ನು ನಂಬಲು ನನ್ನಿಂದ ಆಗಲಿಲ್ಲ.

ಕೆಲವು ತಿಂಗಳ ನಂತರ ಕೊಂಢವಾಕ್ಕೆ ಹೋದೆ. ಅಂಗಡಿಯಲ್ಲಿ ಬೇರೆ ಯಾರೋ ಟೈಲ್ಸ್ ಮಾರುತ್ತಿದ್ದರು. ಅವರೇ ಮನೆ ತೋರಿಸಿದರು. ಮಲ್ಲಣ್ಣ ಇಳಿದುಹೋಗಿದ್ದರು. ಒಂದು ದೊಡ್ಡ ಕಟ್ಟಡದ ಕೆಲಸದಲ್ಲಿ ಸಿಮೆಂಟ್ ಚೀಲಗಳ ಮೇಲ್ವಿಚಾರಣೆ ಸಿಕ್ಕಿದೆಯೆಂದರು. ನಕ್ಕು, "ಅಪ್ಪ ಇಳಿದ ಜಾಗಕ್ಕ ಬಂದು ನಿಂತೆ ನೋಡ್ರಿ" ಎಂದರು. ನಗು ಪೂರ್ತಿಯಾಗಲಿಲ್ಲ. ಅವರ ಹೆಂಡತಿ ಚಹಾ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು.

"ನನ್ನ ಮ್ಯಾಲ ಸಿಟ್ಟದ ಏನ್ರಿ?" ಎಂದು ಕೇಳಿದೆ.

"ಸಿಟ್ಟ ಯಾಕ್ರಿ ಅಕ್ಕಾರ. ನೀವು ಸುಳ್ಳ ಹೇಳಿಲ್ಲ, ಅದು ನನಗ ಗೊತ್ತದ. ನಾನೂ ಹೇಳಿಲ್ಲ." ಆಮೇಲೆ ಕೂಸು ಕೇಳಿದಂತೆ ಕೇಳಿದರು: "ಹಂಗಾರ ಮಾತಾಡಿದವ್ರು ಯಾರ್ರಿ?"

ನಿಜ ಹೇಳಬೇಕೆಂದರೆ ಅಂದು ನಾನು ಅವರ ಕ್ಷೇಮ ಕೇಳಲು ಮಾತ್ರ ಹೋಗಿರಲಿಲ್ಲ. ಆ ಕರೆಯನ್ನು ಇನ್ನೊಮ್ಮೆ ಕೇಳಿಸುತ್ತೀರಾ ಎಂದು ಕೇಳಿದೆ. ಅವರು ತಲೆಯಾಡಿಸಿದರು. "ಇಲ್ರಿ. ಅದು ಬಂದ ಮ್ಯಾಲ ಎಲ್ಲಾ ಹೋತು, ಮನ್ಯಾಗ ಇಡಬ್ಯಾಡಂತ ಇಕಿ ಭಾಳ ಹಟ ಮಾಡಿದ್ಲು. ಅಳಿಸಿಬಿಟ್ಟೆ."

ಹೊರಗೆ ಬಂದು ರಿಕ್ಷಾ ಹತ್ತಿದೆ. ಇಷ್ಟು ಕಾಲವಾದರೂ ಅದು ಏನೆಂದು ನನಗೆ ತಿಳಿದಿಲ್ಲ. ಇನ್ನು ತಿಳಿಯುವ ಆಸೆಯೂ ಇಲ್ಲ. ಒಬ್ಬ ಒಳ್ಳೆಯ ಮನುಷ್ಯನ ಬದುಕು ಮುಳುಗಿದ್ದು ನನ್ನದೇ ದನಿಯಿಂದ. ಅಂಥ ದನಿಯನ್ನು ಕೇಳಿ ನಾನು ಹೆದರಬೇಕಿತ್ತು, ಶಪಿಸಬೇಕಿತ್ತು. ಆದರೆ ನೆನಪಾಗುವುದು 'ತಡಿ ಕಡ್ಲಿ' ಎಂಬ ಆ ಕೊನೆಯ ಮಾತು ಮಾತ್ರ. ನನ್ನ ದನಿಯ ಆ ಹೆಂಗಸಿಗೆ ಯಾವ ಆತುರವೂ ಇರಲಿಲ್ಲ. ಒಲೆಯ ಮೇಲೆ ಅಡುಗೆಯಿತ್ತು. ಒಳಗಿನಿಂದ ಯಾರೋ ಕರೆಯುತ್ತಿದ್ದರು, ಅವಳು ಹೋದಳು.