ಏಣಿ ಫಾದರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಂದರಿನ ಕ್ರೇನುಗಳ ದೀಪ ಆರಿಲ್ಲ. ಸರಕಿನ ಹಡಗೊಂದರ ಮಗ್ಗುಲಿಗೆ ಇಳಿಬಿಟ್ಟ ಉದ್ದನೆಯ ಏಣಿ ಗಾಳಿಗೆ ಕಿರುಗುಟ್ಟುತ್ತಿದೆ. ಅರವತ್ತರ ಹತ್ತಿರ ಬಂದ ಒಬ್ಬ ಮನುಷ್ಯ ಬಲಗಾಲು ಮೇಲಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಎಳೆ ಮಗು ಮೆಟ್ಟಿಲು ಹತ್ತುವ ಹಾಗೆ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಾರೆ. ತಲೆಗೆ ಹೆಲ್ಮೆಟ್, ಮೈಗೆ ಕಿತ್ತಳೆ ಬಣ್ಣದ ಜಾಕೆಟ್, ಬೆನ್ನಿಗೆ ಉಬ್ಬಿದ ಚೀಲ.

ಕೆಳಗೆ, ವ್ಯಾನಿನ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿರುವವರು ಅವರ ಅಕ್ಕ. ಊರಿನಲ್ಲಿ ಟೈಲರ್ ಅಂಗಡಿ ನಡೆಸುವವರು. ತಮ್ಮ ಪಾದ್ರಿಯಾಗಿ ಹೊರದೇಶಕ್ಕೆ ಹೊರಟಾಗ ಬಿಳಿ ನಿಲುವಂಗಿಯನ್ನು ಕೈಯಾರೆ ಹೊಲಿದುಕೊಟ್ಟಿದ್ದರು. ಅದನ್ನು ತೊಟ್ಟು ದೊಡ್ಡ ಚರ್ಚಿನಲ್ಲಿ ಜನರ ಮುಂದೆ ನಿಂತಿರುವ ತಮ್ಮನೇ ಇಷ್ಟು ವರ್ಷ ಅವರ ಕಣ್ಣಲ್ಲಿ ಇದ್ದದ್ದು. ಈಗ ನೋಡಿದರೆ ಕೂಲಿಯವನ ವೇಷ.

"ಇದೇನೋ ನಿನ್ನ ಚರ್ಚು?" ಎಂದು ಇಲ್ಲಿಗೆ ಬಂದ ಮೊದಲ ದಿನವೇ ಕೇಳಿದ್ದಾರೆ.

"ತೇಲ್ತಾ ಇರುತ್ತೆ ಅಕ್ಕ. ಇವತ್ತು ಇದ್ದದ್ದು ನಾಳೆ ಇರಲ್ಲ" ಎಂದು ತಮ್ಮ ನಕ್ಕಿದ್ದಾರೆ.

ಈ ಪಾದ್ರಿಯ ಕೆಲಸವೇ ಹಡಗುಗಳಿಗೆ ಹೋಗುವುದು. ತಿಂಗಳುಗಟ್ಟಲೆ ನೆಲ ಕಾಣದ ನಾವಿಕರು ಬಂದರಿಗೆ ಬಂದಾಗ ಹಲವರಿಗೆ ಹೊರಗೆ ಕಾಲಿಡುವಷ್ಟೂ ಬಿಡುವಿರುವುದಿಲ್ಲ. ಅವರಿದ್ದಲ್ಲಿಗೆ ಇವರೇ ಹೋಗುತ್ತಾರೆ. ದಿನಕ್ಕೆ ನಾಲ್ಕೈದು ಹಡಗು. ಚೀಲದಲ್ಲಿ ಸಿಮ್ ಕಾರ್ಡು, ಉಣ್ಣೆ ಟೋಪಿ, ಹಲ್ಲುನೋವಿನ ಮಾತ್ರೆ, ಓದುವ ಕನ್ನಡಕ. "ಮೊದಲು ಯಾರೂ ದೇವರನ್ನ ಕೇಳಲ್ಲ. ಸಿಮ್ ಕಾರ್ಡ್ ಕೇಳ್ತಾರೆ. ಮನೆಯವರ ಹತ್ರ ಮಾತಾಡಿ ಆದ್ಮೇಲೆ ಮುಖ ಸ್ವಲ್ಪ ಸಡಿಲ ಆಗುತ್ತೆ. ಆಮೇಲೆ ಬೇಕಾದ್ರೆ ದೇವರ ವಿಷಯ. ಬೇಡ ಅಂದ್ರೆ ಫುಟ್‌ಬಾಲ್ ವಿಷಯ" ಎನ್ನುತ್ತಾರೆ ಅವರು. ಬಂದರಿನ ಗೇಟಿನ ಕಾವಲುಗಾರ ಇಟ್ಟ ಅಡ್ಡಹೆಸರು 'ಏಣಿ ಫಾದರ್'. ಈಗ ಕಚೇರಿಯವರೂ ಹಾಗೇ ಕರೆಯುತ್ತಾರೆ.

ಏಣಿಯೇ ಅವರ ಮಂಡಿಯನ್ನು ತಿಂದಿದ್ದು. ಹತ್ತುವುದನ್ನು ನಿಲ್ಲಿಸಿ ಎಂದು ಡಾಕ್ಟರು ಹೇಳಿ ಒಂದು ವರ್ಷವಾಯಿತು. ಅದು ಹೇಗೋ ಊರಿಗೆ ಗೊತ್ತಾಗಿದೆ. ಅವರ ಪಾದ್ರಿ ಸಂಘದ ಹಿರಿಯ ಗುರುಗಳು ಅಕ್ಕನನ್ನು ಕರೆಸಿ, "ಇಲ್ಲಿ ಒಂದು ಸಣ್ಣ ಚರ್ಚು ಅವರಿಗೋಸ್ಕರ ಖಾಲಿ ಇಟ್ಟಿದ್ದೀನಿ. ನಾವು ಹೇಳಿದ್ರೆ ಕೇಳ್ತಿಲ್ಲ, ನೀವು ಹೋಗಿ ಕರ್ಕೊಂಡು ಬನ್ನಿ" ಎಂದಿದ್ದಾರೆ. ಅಕ್ಕನಿಗೂ ಅದೇ ಬೇಕಿತ್ತು. ಅಪ್ಪ ಅಮ್ಮ ಬೇಗ ಹೋದ ಮೇಲೆ ಹೊಲಿಗೆ ಮೆಷಿನ್ ತುಳಿದು ಬೆಳೆಸಿದ ತಮ್ಮ. "ಕಿವಿ ಹಿಂಡಿಯಾದ್ರೂ ಕರ್ಕೊಂಡು ಬರ್ತೀನಿ" ಎಂದು ಮಾತು ಕೊಟ್ಟೇ ವಿಮಾನ ಹತ್ತಿದವರು ಅವರು.

ಮಾತು ತೆಗೆಯಲು ಮಾತ್ರ ಹೊತ್ತು ಕೂಡಿ ಬರುತ್ತಿಲ್ಲ. ತಮ್ಮನ ಮನೆ ಎಂದರೆ ಬಂದರಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಯಾರಾದರೂ ನಾವಿಕ ಸೋಫಾದ ಮೇಲೆ ಮುದುರಿಕೊಂಡು ಫೋನಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಮಾತಾಡುತ್ತಲೇ ಇರುತ್ತಾನೆ. ಅಕ್ಕ ಸುಮ್ಮನೆ ಕೂರುವ ಜಾಯಮಾನದವರಲ್ಲ. ನಾವಿಕರ ಜಿಪ್ ಕಿತ್ತ ಜಾಕೆಟ್ಟುಗಳನ್ನು ಮುಂದೆ ಗುಡ್ಡೆ ಹಾಕಿಕೊಂಡು ಸೂಜಿ ಹಿಡಿದಿದ್ದಾರೆ. "ರಜಕ್ಕೆ ಬಂದೋಳಿಗೂ ಕೆಲಸ ಅಂಟಿಸಿದ್ಯಲ್ಲೋ" ಎಂದು ಗೊಣಗುವುದು ಬಾಯಿಮಾತಿಗಷ್ಟೇ.

ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಹಡಗಿನಿಂದ ಇಳಿದ ತಮ್ಮ ಮನೆಯ ದಾರಿ ಬಿಟ್ಟು ಬೇರೆ ಕಡೆಗೆ ವ್ಯಾನು ಓಡಿಸುತ್ತಾರೆ. ಅಕ್ಕ ಕೆದಕಿದಾಗ ವಿಷಯ ಹೊರಬರುತ್ತದೆ. ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವನೊಬ್ಬ ಎರಡು ದಿನದಿಂದ ಊಟ ಬಿಟ್ಟಿದ್ದಾನೆ. ಊರಿನಲ್ಲಿ ಅವನ ಹೆಂಡತಿಗೆ ಹೃದಯದ ಆಪರೇಷನ್ ಆಗಬೇಕು. ಗಂಡನ ಮುಖ ನೋಡದೆ ಆಪರೇಷನ್ ಮಾಡಿಸಿಕೊಳ್ಳಲ್ಲ ಎಂದು ಆಕೆ ಹಟ ಹಿಡಿದಿದ್ದಾಳೆ. ಇವನ ಕೆಲಸದ ಕರಾರು ಎಂದೋ ಮುಗಿದಿದೆ. ಬದಲಿ ಆಳು ಬಂದಿಲ್ಲ ಎಂದು ಬಿಡುತ್ತಿಲ್ಲ. ಹಡಗು ಇವತ್ತು ಸಂಜೆಯೇ ಹೊರಡುತ್ತದೆ.

"ನೀನೇನು ಹೇಳ್ದೆ ಅವನಿಗೆ?"

"ಪ್ರಾರ್ಥನೆ ಮಾಡ್ಲಾ ಅಂತ ಕೇಳ್ದೆ. ಪ್ರಾರ್ಥನೆ ಬೇಡ, ಕೆಳಗೆ ಇಳಿಸಿ ಅಂದ."

ವ್ಯಾನು ನಿಲ್ಲುವುದು ಹಡಗಿನ ಏಜೆಂಟನ ಕಚೇರಿಯ ಮುಂದೆ. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಗೋಡೆಯ ತುಂಬ ಹಡಗುಗಳ ಫೋಟೋ. ಏಜೆಂಟ್ ಸಭ್ಯ ಮನುಷ್ಯ. ಕುರ್ಚಿ ಕೊಡುತ್ತಾನೆ, ಕಾಫಿ ಕೊಡುತ್ತಾನೆ, ಕೇಳಿದ್ದೊಂದನ್ನು ಬಿಟ್ಟು ಎಲ್ಲವನ್ನೂ ಕೊಡುತ್ತಾನೆ. ಅವರ ಭಾಷೆ ಅಕ್ಕನಿಗೆ ಬರುವುದಿಲ್ಲ. ತಮ್ಮ ನಡುನಡುವೆ ತಿರುಗಿ ಕನ್ನಡದಲ್ಲಿ ಹೇಳುತ್ತಾರೆ: "ಮುಂದಿನ ಬಂದರಲ್ಲಿ ಇಳಿಸ್ತಾರಂತೆ. ಮೂರು ಬಂದರಿಂದ ಇದೇ ತುಪ್ಪ ಅವನ ಮೂಗಿಗೆ ಸವರ್ತಾ ಇದ್ದಾರೆ."

"ಹಾಗಾದ್ರೆ ಬಂದ ದಾರಿಗೆ ಸುಂಕ ಇಲ್ವಾ? ಎದ್ದು ಹೋಗೋದಾ?"

"ಯಾರು ಏಳ್ತಾರೆ? ಕಾಫಿ ಚೆನ್ನಾಗಿದೆ."

ಅಕ್ಕನಿಗೆ ಈ ದನಿ ಗೊತ್ತು. ಚಿಕ್ಕಂದಿನಲ್ಲಿ ಶಾಲೆಗೆ ಹೊಸ ಚಪ್ಪಲಿ ಬೇಕು ಎಂದು ಹೊಸ್ತಿಲ ಮೇಲೆ ಕೂತರೆ ಅತ್ತು ಕರೆಯುತ್ತಲೂ ಇರಲಿಲ್ಲ, ಏಳುತ್ತಲೂ ಇರಲಿಲ್ಲ. ಈಗಲೂ ತಮ್ಮ ದನಿ ಏರಿಸುವುದಿಲ್ಲ. ಅವಧಿ ಮುಗಿದವನನ್ನು ಒತ್ತಾಯದಿಂದ ಸಮುದ್ರಕ್ಕೆ ಒಯ್ಯುವಂತಿಲ್ಲ. ಬಂದರಿನ ತಪಾಸಣಾಧಿಕಾರಿಗೆ ಗೊತ್ತಾದರೆ ಹಡಗನ್ನೇ ತಡೆಯುತ್ತಾರೆ ಎಂದು ಏಜೆಂಟನಿಗೆ ನೆನಪಿಸುತ್ತಾರೆ. "ನಾನಿನ್ನೂ ಅವರಿಗೆ ಹೇಳಿಲ್ಲ. ನೀವೇ ಒಳ್ಳೆ ಮನಸ್ಸಿನಿಂದ ಇಳಿಸಿದ್ರಿ ಅಂತ ಹೇಳೋಕೆ ನನಗೆ ಇಷ್ಟ" ಎನ್ನುತ್ತಾರೆ. ಏಜೆಂಟ್ ಫೋನೆತ್ತಿ ಒಳಗಿನ ಕೋಣೆಗೆ ಹೋಗುತ್ತಾನೆ, ಬರುತ್ತಾನೆ, ಮತ್ತೆ ಹೋಗುತ್ತಾನೆ. ಊಟದ ಹೊತ್ತು ಮೀರುತ್ತದೆ. ಅಕ್ಕನೂ ಚೀಲದಿಂದ ಒಂದು ಹರಿದ ಜಾಕೆಟ್ ತೆಗೆದು, ಗಾಜಿನ ಮೇಜಿನ ಮೇಲೆ ಹರವಿಕೊಂಡು ಹೊಲಿಯತೊಡಗುತ್ತಾರೆ. ಇವರಿಬ್ಬರೂ ಇವತ್ತು ಕದಲುವ ಪೈಕಿ ಅಲ್ಲವೆಂದು ಏಜೆಂಟನಿಗೆ ಮನದಟ್ಟಾದದ್ದು ಬಹುಶಃ ಆಗಲೇ.

ಬಿಸಿಲು ಇಳಿಯುವ ಹೊತ್ತಿಗೆ ಅನುಮತಿ ಸಿಗುತ್ತದೆ. ಆಗ ಅವನನ್ನು ಕರೆತರಲು ಪಾದ್ರಿ ಮತ್ತೆ ಏಣಿ ಹತ್ತಬೇಕು. ಅರ್ಧ ದಾರಿಯಲ್ಲಿ ಮಂಡಿ ಮುಷ್ಕರ ಹೂಡುತ್ತದೆ. ಹಗ್ಗ ಹಿಡಿದು ನಿಂತವರು ಮೇಲೆ ಹೋಗಲಾರರು, ಕೆಳಗೂ ಬರಲಾರರು. ಅಕ್ಕ ವ್ಯಾನಿನಿಂದ ಇಳಿದು ಏಣಿಯ ಬುಡಕ್ಕೆ ಓಡಿದ್ದಾರೆ. ಅಷ್ಟರಲ್ಲಿ ಮೇಲಿನಿಂದ ಒಬ್ಬ ಸರಸರ ಇಳಿದು ಬರುತ್ತಾನೆ, ಹೆಗಲಲ್ಲಿ ಒಂದು ಬ್ಯಾಗು. ಪಾದ್ರಿಯ ತೋಳಿನಡಿ ತನ್ನ ಭುಜ ಕೊಟ್ಟು, ಮೆಟ್ಟಿಲು ಮೆಟ್ಟಿಲಾಗಿ ನೆಲಕ್ಕೆ ತಂದು ನಿಲ್ಲಿಸುತ್ತಾನೆ. ಎಂಜಿನ್ ಕೋಣೆಯವನು ಅವನೇ. ನೆಲ ಮುಟ್ಟಿದ್ದೇ ತಡ, ನಿಂತಲ್ಲೇ ಬಿಕ್ಕಿ ಬಿಕ್ಕಿ ಅಳುತ್ತಾನೆ. ಅಕ್ಕ ಅವನ ಬೆನ್ನು ಸವರಿ, "ಬಾಪ್ಪ, ಮೊದ್ಲು ಊಟ ಮಾಡು" ಎನ್ನುತ್ತಾರೆ. ಕನ್ನಡದ ಗಂಧ ಗಾಳಿ ಇಲ್ಲದವನು ತಲೆಯಾಡಿಸಿ ವ್ಯಾನು ಹತ್ತುತ್ತಾನೆ. ಮನೆಯಲ್ಲಿ ಅಕ್ಕ ಇಟ್ಟ ಅನ್ನ, ಮೊಟ್ಟೆಪಲ್ಯವನ್ನು ತಟ್ಟೆ ಬಳಿದು ಉಣ್ಣುತ್ತಾನೆ. ಮರುದಿನದ ವಿಮಾನಕ್ಕೆ ಅವನನ್ನು ಬಿಟ್ಟುಬಂದದ್ದೂ ಆಗುತ್ತದೆ.

ಅಕ್ಕ ಹಿರಿಯ ಗುರುಗಳಿಗೆ ಫೋನ್ ಮಾಡುವುದು ಆ ಮಧ್ಯಾಹ್ನ. ತಮ್ಮ ಎದುರಿಗೇ ಕಾಲು ಚಾಚಿ ಕೂತಿದ್ದಾರೆ, ಮಂಡಿಯ ಮೇಲೆ ಐಸ್ ಚೀಲ.

"ಬರ್ತಾನೆ ಫಾದರ್. ಮಂಡಿ ಆಪರೇಷನ್ ಮಾಡಿಸ್ಕೊಳ್ಳೋಕೆ ಬರ್ತಾನೆ. ನಡೆಯೋ ಹಾಗಾದ ಮೇಲೆ ನಾನೇ ವಾಪಸ್ ಕಳಿಸ್ತೀನಿ."

ಆ ಕಡೆಯವರು ಏನೋ ಹೇಳುತ್ತಾರೆ.

"ಗೊತ್ತು ಫಾದರ್, ಮಾತು ಕೊಟ್ಟಿದ್ದೆ. ಆದ್ರೆ ಅಲ್ಲಿ ನೀವಿದ್ದೀರಿ, ನಿಮ್ಮ ಹಾಗೆ ಇನ್ನೂ ನಾಲ್ಕು ಜನ ಇದ್ದಾರೆ. ಇಲ್ಲಿ ಇವನೊಬ್ಬನೇ."

ತಮ್ಮ ಐಸ್ ಚೀಲ ಪಕ್ಕಕ್ಕಿಡುತ್ತಾರೆ. ಎದ್ದು, ಕುಂಟುತ್ತ ಹೋಗಿ, ಅಕ್ಕನಿಗೆ ಟೀ ಮಾಡಿ ತರುತ್ತಾರೆ. ಸಕ್ಕರೆ ಹೆಚ್ಚಾಗಿದೆ. ಅಕ್ಕ ಒಂದು ತೊಟ್ಟೂ ಬಿಡದೆ ಕುಡಿಯುತ್ತಾರೆ. ಮಂಡಿ ಗುಣವಾಗುವವರೆಗೆ ಹಡಗು ನೋಡಿಕೊಳ್ಳಲು ಪಕ್ಕದ ಬಂದರಿನ ಪಾದ್ರಿಯೊಬ್ಬರು ಒಪ್ಪಿದ್ದಾರೆ. "ಆಸೆ ಅಂದ್ರೆ ಅದೊಂದೇ. ನಾನಿಲ್ಲದಾಗ ಯಾವ ಹಡಗನ್ನೂ ಯಾರೂ ನೋಡದೆ ಕಳಿಸಬಾರದು" ಎನ್ನುತ್ತಾರೆ ಏಣಿ ಫಾದರ್.

ಕೆಲವು ದಿನದ ನಂತರ ಎಂಜಿನ್ ಕೋಣೆಯವನಿಂದ ಸಣ್ಣದೊಂದು ಸಂದೇಶ: ಆಪರೇಷನ್ ಆಯಿತು, ಹೆಂಡತಿ ಎದ್ದು ಕೂತಿದ್ದಾಳೆ. ಆಮೇಲೆ ಸುದ್ದಿಯೇ ಇಲ್ಲ. ಊರಿಗೆ ಪೆಟ್ಟಿಗೆ ಕಟ್ಟುತ್ತಿರುವ ಅಕ್ಕನಿಗೆ ಅದೇ ಅಸಮಾಧಾನ.

"ಅಷ್ಟು ಮಾಡಿದ್ವಿ. ಆಮೇಲೆ ಒಂದು ಫೋನಾದ್ರೂ ಬೇಡ್ವಾ?"

"ಮನೆ ಸೇರಿದೋರು ಯಾರೂ ಫೋನ್ ಮಾಡಲ್ಲ ಅಕ್ಕ" ಎನ್ನುತ್ತಾರೆ ತಮ್ಮ, ಅಂಗಿ ಮಡಚಿ ಕೊಡುತ್ತ. "ಫೋನ್ ಬರ್ಲಿಲ್ಲ ಅಂದ್ರೆ ಮನೇಲಿ ಅವರವರ ಕೆಲಸದಲ್ಲಿ ಇದ್ದಾರೆ ಅಂತ. ಹಾಗೆ ಫೋನ್ ಮಾಡದೆ ಇರೋರು ನನಗೆ ತುಂಬ ಜನ ಇದ್ದಾರೆ."