ಮಗುವಿಗೆ ನೀರು ಹಾಕುವ ಕೈ

ಕಣ್ಣಿನ ಪೊರೆ ತೆಗೆಸಲು ಹೋಗಿದ್ದೆ. ಆಪರೇಷನ್‌ಗೆ ಮುಂಚೆ ರಕ್ತ ತೆಗೆದುಕೊಂಡರು. ಮಾರನೆಯ ದಿನ ಕರೆದು, ಈಗ ಆಪರೇಷನ್ ಬೇಡ ಎಂದರು.

ಹೆಪಟೈಟಿಸ್ ಸಿ ಪಾಸಿಟಿವ್.

ನನಗೆ ಸುಸ್ತು ಬಿಟ್ಟರೆ ಬೇರೇನೂ ಇರಲಿಲ್ಲ. ವಿಜಯಪುರದಲ್ಲಿ ಅರ್ಧ ಆಯಸ್ಸು ರೇಷ್ಮೆ ನೂಲು ತೆಗೆದವಳು ನಾನು. ಸುಸ್ತನ್ನು ಕಾಯಿಲೆ ಎಂದುಕೊಂಡಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ, ಯಾವಾಗಲಾದರೂ ರಕ್ತ ಹಾಕಿದ್ದರಾ ಎಂದು ಕೇಳಿದರು. ಗರ್ಭಕೋಶ ತೆಗೆದಾಗ ಹಾಕಿದ್ದರು ಎಂದೆ.

"ಅದರಿಂದ ಬಂದಿರಬಹುದು ಅಜ್ಜಿ. ಬಂದು ತಾನಾಗೇ ಹೋಗಿರಲೂಬಹುದು. ಇನ್ನೊಂದು ಟೆಸ್ಟ್ ಮಾಡಬೇಕು."

"ಅಂದ್ರೆ ಕಾಯಿಲೆ ಐತಾ, ಇಲ್ವಾ?"

"ಇವತ್ತು ಹೇಳಕ್ಕಾಗಲ್ಲ."

ಮನೆಯಲ್ಲಿ ಮೊಮ್ಮಗಳು ಪವಿತ್ರ ಬಾಣಂತಿ. ಅವಳ ಮಗುವಿಗೆ ದಿನಾ ನೀರು ಹಾಕುತ್ತಿದ್ದವಳು ನಾನು. ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು, ಎಣ್ಣೆ ನೀವಿ, ಬಿಸಿನೀರು ಹುಯ್ಯಬೇಕು. ನನ್ನ ಸೊಸೆ ರತ್ನ, ಪವಿತ್ರಳ ತಾಯಿ, ಇದು ಲಿವರ್‌ಗೆ ಬರುವ ಕಾಯಿಲೆ ಎಂದು ಕೇಳಿದ್ದೇ ಕಾಮಾಲೆ ಎಂದುಕೊಂಡಳು. ನಮ್ಮ ಕಡೆ ಕಾಮಾಲೆಗೆ ಉಪ್ಪು, ಎಣ್ಣೆ ಬಿಟ್ಟ ಪಥ್ಯ. ಎರಡು ಹೊತ್ತೂ ಸಪ್ಪೆ ಅನ್ನ ಮಜ್ಜಿಗೆ. ಸುಸ್ತು ಇನ್ನೂ ಜಾಸ್ತಿಯಾಯಿತು. ನನ್ನ ತಟ್ಟೆ ಬೇರೆ ಇಟ್ಟಳು, ಲೋಟ ಬೇರೆ ಇಟ್ಟಳು.

ಮಗುವನ್ನೂ ಕೈಗೆ ಕೊಡಲಿಲ್ಲ.

"ನಿಮ್ಮ ಮೇಲೆ ಸಿಟ್ಟಿಲ್ಲ ಕಣತ್ತೆ. ಹಸುಗೂಸು, ಅದಕ್ಕೆ."

"ಈ ಅನ್ನ ತಿನ್ನಿಸ್ಬಿಟ್ಟು ಸಿಟ್ಟಿಲ್ಲ ಅಂತೀಯಲ್ಲ" ಎಂದೆ.

ನೀರು ಹಾಕುವ ಕೆಲಸ ತಾನೇ ಹಿಡಿದಳು. ಅವಳಿಗೋ ಮಂಡಿನೋವು. ನೀರು ಹಾಕುವಾಗ ಕಾಲು ಅಲುಗಾಡುತ್ತದೆ, ಮಗು ಕಿರುಚುತ್ತದೆ. ನಾನು ಜಗಲಿಯಲ್ಲಿ ಕೂತು ಕೇಳುತ್ತಿದ್ದೆ. ಸಾವಿಗೆ ನಾನು ಅಷ್ಟಾಗಿ ಹೆದರಲಿಲ್ಲ. ಈ ಮನೆಯ ಮಕ್ಕಳನ್ನೆಲ್ಲ ಎತ್ತಿ ಆಡಿಸಿದ ಕೈ, ಒಳಗೆ ಏನಿದೆಯೋ ಇಲ್ಲವೋ ಎಂದು ಯಾರಿಗೂ ಗೊತ್ತಿಲ್ಲದೆಯೇ ಬೇಡದ ಕೈ ಆಯಿತಲ್ಲ, ಅದು ತಿನ್ನುತ್ತಿತ್ತು.

ಎರಡನೇ ಟೆಸ್ಟ್‌ನ ರಿಪೋರ್ಟ್ ಬಂದಾಗ ರತ್ನಳೂ ಆಸ್ಪತ್ರೆಗೆ ಬಂದಳು. ವೈರಸ್ ಕಂಡಹಾಗಿದೆ, ಆದರೆ ಅಳತೆಗೆ ಸಿಗುವಷ್ಟಿಲ್ಲವಂತೆ. ಕೆಲವು ತಿಂಗಳು ಬಿಟ್ಟು ಮತ್ತೆ ನೋಡಬೇಕಂತೆ. ಇರುವುದು ಖಚಿತವಾದರೆ ಮಾತ್ರೆ ಇದೆ, ಹೆಚ್ಚಿನವರಿಗೆ ವಾಸಿಯಾಗುತ್ತದಂತೆ.

ನಾನು ಕೇಳಿದ್ದು ಒಂದೇ.

"ಮಗೀಗೆ ನೀರು ಹಾಕ್ಬೋದಾ?"

"ಧಾರಾಳವಾಗಿ ಹಾಕಿ. ಮುಟ್ಟಿದ್ರೆ, ಜೊತೇಲಿ ಉಂಡ್ರೆ ಬರಲ್ಲ. ರಕ್ತಕ್ಕೆ ರಕ್ತ ತಾಗಬಾರದು ಅಷ್ಟೇ. ಕೈಯಲ್ಲಿ ಗಾಯ ಇದ್ದರೆ ಒಣಗೋವರೆಗೂ ಬೇಡ. ಯಾಕಿಷ್ಟು ಇಳಿದುಹೋಗಿದೀರಾ? ಊಟ ಮಾಡಲ್ವಾ?"

"ಇವಳನ್ನ ಕೇಳಿ" ಎಂದೆ. ರತ್ನ ಫ್ಯಾನ್ ನೋಡಿದಳು.

ಮಾರನೆಯ ಬೆಳಿಗ್ಗೆ ನೀರು ಕಾಯಿಸಿ ನನ್ನನ್ನು ಕರೆದಳು. ಬಾಗಿಲ ಬೆಳಕಿಗೆ ನನ್ನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು. ಹೆಬ್ಬೆರಳಿನ ಪಕ್ಕ ಈಳಿಗೆ ಮಣೆ ತಾಗಿ ಕುಯ್ದಿತ್ತು.

"ಇದೊಂದು ಒಣಗಲಿ ಅತ್ತೆ."

ಒಣಗಲಿ ಎಂದೆ. ಅವಳು ಹೇಳಿದ್ದು ಸರಿಯಾಗಿತ್ತು. ಅಲ್ಲಿಯವರೆಗೆ ಪಕ್ಕದಲ್ಲಿ ಕೂತು, ಕಾಲು ಹೇಗೆ ಜೋಡಿಸಬೇಕು ಎಂದು ಬೈದು ಬೈದು ಹೇಳಿಕೊಟ್ಟೆ.

ಈಗ ನಾನೇ ನೀರು ಹಾಕುತ್ತೇನೆ. ಮುಂಚೆ ರತ್ನ ಕೈ ನೋಡುತ್ತಾಳೆ. ನೋಡಲಿ. ಮುಂದಿನ ಟೆಸ್ಟ್ ಏನು ಹೇಳುತ್ತದೋ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಎಣ್ಣೆ ನೀವುವಾಗಲೇ ಮಗು ಕಣ್ಣು ಮುಚ್ಚುತ್ತದೆ.