ಮೂಡಲು ಕೇಳುತ್ತಿದ್ದವನು

ಅಥವಾ ಅವನು ಆ ಪ್ರಶ್ನೆಯನ್ನು ಎದ್ದು ನಿಂತು ಕೇಳಿದನೇ? ಕೂತೇ ಇದ್ದನೇನೋ, ಈ ನೆನಪನ್ನು ನಾನು ನಂಬುವುದಿಲ್ಲ. ಕೊಳ್ಳೇಗಾಲದ ಬಾಡಿಗೆ ಕೋಣೆಯಲ್ಲಿ ನಾವಿಬ್ಬರೂ ಸೇರಿ ಮಾಡಿದ್ದ ವಿಡಿಯೊ ಗೇಮನ್ನು ಸ್ಪರ್ಧೆಗೆ ಕಳಿಸಲು ಅದೇ ಕಡೆಯ ಸಂಜೆ. ಮಾಂಬಳ್ಳಿಯವನಾದ ನನ್ನ ಜೊತೆಗಾರ ಪರದೆಗೆ ಮೂಗು ತಾಗಿಸಿ, ಯಾವ ಆಟ ಕಂಡರೂ ಕೇಳುವಂತೆ, "ಇದ್ರಲ್ಲಿ ಮೂಡ್ಲು ಯಾವ್ದ್ಲಾ?" ಎಂದ.

"ಗೇಮಲ್ಲಿ ಎಂಥ ಮೂಡ್ಲು ದಿಕ್ಕು ಲೇ? ಮೊದ್ಲು ಕಳ್ಸು."

"ಮನೆ ನೆಳ್ಳು ಈ ಕಡೆ, ಮರದ ನೆಳ್ಳು ಆ ಕಡೆ. ಎಲ್ಡು ಸೂರ್ಯ ಮಡಗಿದ್ದೀಯಾ?"

ಒಂದು ಸೂರ್ಯನನ್ನು ತೆಗೆದೇಬಿಟ್ಟ. ಆಟದೊಳಗಿನ ಊರು ಅರ್ಧಕ್ಕರ್ಧ ಕಪ್ಪಾಯಿತು. ಮತ್ತೆ ಬೆಳಕು ಸರಿಮಾಡುವಷ್ಟರಲ್ಲಿ ಗಡುವು ಮುಗಿದಿತ್ತು.

"ಈಗ್ ನೋಡ್ಲಾ, ಬಿಸ್ಲು ಬಿಸ್ಲಂಗದೆ," ಎಂದ, ಕಣ್ಣುಜ್ಜಿಕೊಳ್ಳುತ್ತಾ.

ಸಿಟ್ಟಿನಲ್ಲಿ ನಾನು ಪರದೆಯ ಕಡೆ ತಿರುಗಲೇ ಇಲ್ಲ. ಆ ಬಿಸಿಲು ನಿಜಕ್ಕೂ ಚೆನ್ನಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.